ಹಾರ್ಡ್‌ಕೋರ್ ಪಂಕ್ ಮತ್ತು ಡೆತ್‌ಮ್ಯಾಚ್ ಕುಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಡೆಲ್ಫಿಯಾದ 'ಈಟ್ ದ ಟರ್ನ್‌ಬಕಲ್' ಬ್ಯಾಂಡಿನ ವಿಡಿಯೊ ತೋರಿಸಿದಾಗಲೆಲ್ಲ ಗೆಳೆಯರು ಒಂದೇ ತರಹದ ಪ್ರಶ್ನೆಗಳನ್ನು ಕೇಳುತ್ತಾರೆ. ಇದು ಹಾಡಾ, ಹೊಡೆದಾಟವಾ? ರಕ್ತ ನಿಜವಾ? ಇವರಿಗೇನು ತಲೆ ಕೆಟ್ಟಿದೆಯಾ? ಕೇಳುವುದರಲ್ಲಿ ತಪ್ಪಿಲ್ಲ. ಬ್ಯಾಂಡು, ಅದು ಹುಟ್ಟಿಬಂದ ಸಂಗೀತ, ಅದು ಎತ್ತಿಕೊಂಡ ಕುಸ್ತಿ, ಮೂರರ ಬಗ್ಗೆಯೂ ಇಲ್ಲಿ ಬರೆದಿದ್ದೇನೆ. ಈ ಎರಡೂ ಲೋಕಗಳ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಅಲ್ಲಿ ಆಗಿರುವ ಕೆಟ್ಟದ್ದನ್ನೂ ಮುಚ್ಚಿಡದೆ ಹೇಳುತ್ತೇನೆ.

ಈ ಬ್ಯಾಂಡ್ ವೇದಿಕೆ ಮೇಲೆ ಏನು ಮಾಡುತ್ತದೆ?

ಹಾಡುತ್ತದೆ, ಜೊತೆಗೆ ಹೊಡೆದಾಡುತ್ತದೆ. ಗಿಟಾರು, ಡ್ರಮ್ಮು ಜೋರಾಗಿ ಓಡುತ್ತಿರುವಾಗಲೇ ಬ್ಯಾಂಡಿನವರು ಒಬ್ಬರ ಮೇಲೊಬ್ಬರು ಟ್ಯೂಬ್‌ಲೈಟ್ ಒಡೆಯುತ್ತಾರೆ. ಮುಳ್ಳುತಂತಿ ಸುತ್ತಿದ ಬ್ಯಾಟು, ಮಡಚುವ ಕುರ್ಚಿ, ನೆಲದ ಮೇಲೆ ಚೆಲ್ಲಿದ ಡ್ರಾಯಿಂಗ್ ಪಿನ್ನು, ಎಲ್ಲವೂ ಬರುತ್ತವೆ. ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಹಾಡು ನಿಲ್ಲುವುದಿಲ್ಲ. ತಮ್ಮ ಸಂಗೀತವನ್ನು ಅವರೇ 'ಅಲ್ಟ್ರಾವಯಲೆಂಟ್ ಡೆತ್‌ಮ್ಯಾಚ್ ರಾಕ್ ಅಂಡ್ ರೋಲ್' ಅಂತ ಕರೆದುಕೊಳ್ಳುತ್ತಾರೆ. ಡೆತ್‌ಮ್ಯಾಚ್ ಅಂದರೆ ಗಾಜು, ಮುಳ್ಳುತಂತಿಯಂಥ ವಸ್ತುಗಳಿಂದ ರಕ್ತ ಬರುವಂತೆ ಹೊಡೆದಾಡುವ ಕುಸ್ತಿ. ಹಾಡುಗಳ ವಿಷಯವೂ ಹೆಚ್ಚಾಗಿ ಕುಸ್ತಿಯೇ.

ಇದೆಲ್ಲ ನಡೆಯುವುದು ದೊಡ್ಡ ಸ್ಟೇಡಿಯಂನಲ್ಲಲ್ಲ. ಚಿಕ್ಕ ಕ್ಲಬ್ಬಿನಲ್ಲಿ, ಜನರ ಮೂಗಿನ ಮುಂದೆ.

ಟರ್ನ್‌ಬಕಲ್ ಅಂದರೆ?

ಕುಸ್ತಿ ರಿಂಗಿನ ನಾಲ್ಕು ಮೂಲೆಗಳಲ್ಲಿ ಹಗ್ಗವನ್ನು ಬಿಗಿ ಮಾಡುವ ಕಬ್ಬಿಣದ ಸಾಧನ. ಪೆಟ್ಟಾಗದಿರಲಿ ಅಂತ ಅದರ ಮೇಲೊಂದು ಮೆತ್ತೆ ಕಟ್ಟಿರುತ್ತಾರೆ. ಜಾರ್ಜ್ 'ದಿ ಅನಿಮಲ್' ಸ್ಟೀಲ್ ಅನ್ನುವ ಕುಸ್ತಿಪಟು ಆ ಮೆತ್ತೆಯನ್ನು ಹಲ್ಲಿನಿಂದ ಹರಿದು, ಒಳಗೆ ತುಂಬಿದ್ದನ್ನು ಕಿತ್ತು ಎಸೆಯುತ್ತಿದ್ದ. ಹಳೆಯ ಅಭಿಮಾನಿಗಳಿಗೆ ಬ್ಯಾಂಡಿನ ಹೆಸರು ಕೇಳಿದ ಕೂಡಲೇ ಅವನೇ ನೆನಪಾಗುತ್ತಾನೆ.

ಹಾರ್ಡ್‌ಕೋರ್ ಪಂಕ್ ಮಾಮೂಲಿ ಪಂಕ್‌ಗಿಂತ ಹೇಗೆ ಬೇರೆ?

ಪಂಕ್ ಅಂದರೆ ಒರಟು, ಸರಳ ರಾಕ್ ಸಂಗೀತ. ಹಾರ್ಡ್‌ಕೋರ್‌ನಲ್ಲಿ ವೇಗ ಜಾಸ್ತಿ, ಉದ್ದ ಕಡಿಮೆ, ಅಲಂಕಾರ ಇಲ್ಲವೇ ಇಲ್ಲ. 1970ರ ದಶಕದ ಕೊನೆಗೆ ಪಂಕ್ ಸ್ವಲ್ಪ ಫ್ಯಾಷನ್ ಆಗತೊಡಗಿತ್ತು. ಆಗ ಅಮೆರಿಕದ ಹುಡುಗರು ಅದನ್ನು ಮತ್ತೆ ಒರಟಾಗಿಸಿದರು. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚಿನಲ್ಲಿ 1976ರಲ್ಲಿ ಶುರುವಾದ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್, ಅದೇ ಊರಿನಲ್ಲಿ 1980ರಲ್ಲಿ ಹುಟ್ಟಿದ ಮೈನರ್ ಥ್ರೆಟ್ ಇದಕ್ಕೆ ದಾರಿ ಹಾಕಿಕೊಟ್ಟವು. ಎಷ್ಟೋ ಹಾಡುಗಳು ಎರಡು ನಿಮಿಷ ದಾಟುವುದಿಲ್ಲ. ಕೆಲವು ಒಂದು ನಿಮಿಷವೂ ಇಲ್ಲ. ಹ್ಯೂಸ್ಕರ್ ಡೂ ಬ್ಯಾಂಡಿನ 1982ರ ಮೊದಲ ಆಲ್ಬಂನಲ್ಲಿ 17 ಹಾಡುಗಳಿವೆ. ಅರ್ಧ ಗಂಟೆಯೊಳಗೆ ಎಲ್ಲ ಮುಗಿದುಹೋಗುತ್ತದೆ.

ಸಂಗೀತದಷ್ಟೇ ಮುಖ್ಯವಾದದ್ದು ಅದನ್ನು ನಡೆಸಿದ ರೀತಿ. ದೊಡ್ಡ ಕಂಪನಿ ಬೇಡ, ನಾವೇ ರೆಕಾರ್ಡ್ ಮಾಡೋಣ, ನಾವೇ ಮಾರೋಣ ಅನ್ನುವ ಹಟ ಅದು. ಮೈನರ್ ಥ್ರೆಟ್‌ನ ಇಯಾನ್ ಮಕಾಯ್ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಶುರು ಮಾಡಿದ್ದು ಹೀಗೆಯೇ. ಸಣ್ಣ ಹಾಲ್ ಬಾಡಿಗೆಗೆ ಹಿಡಿಯುವುದು, ಕೈಬರಹದ ಪೋಸ್ಟರ್ ಅಂಟಿಸುವುದು, ಕಡಿಮೆ ಟಿಕೆಟ್ ಇಡುವುದು, ಎಲ್ಲ ವಯಸ್ಸಿನವರನ್ನೂ ಒಳಗೆ ಬಿಡುವುದು. ಹಾಡುಗಾರ ಮೈಕನ್ನು ಜನರ ಕಡೆ ಚಾಚುತ್ತಾನೆ, ಜನ ವೇದಿಕೆ ಹತ್ತಿ ಹಾಡಿ ಕೆಳಗೆ ಹಾರುತ್ತಾರೆ. ಯಾರು ಬ್ಯಾಂಡು, ಯಾರು ಪ್ರೇಕ್ಷಕರು ಅನ್ನುವ ಗೆರೆಯೇ ಅಳಿಸಿಹೋಗುತ್ತದೆ.

ಕುಸ್ತಿಗೂ ಇದಕ್ಕೂ ಇರುವ ನಂಟು ಇಲ್ಲೇ ಶುರುವಾಗುತ್ತದೆ ಅಂತ ನನಗನ್ನಿಸುತ್ತದೆ.

ಹಾರ್ಡ್‌ಕೋರ್ ಕುಸ್ತಿ ಎಲ್ಲಿಂದ ಬಂತು?

ರಿಂಗಿನ ನಿಯಮ ಬಿಟ್ಟು ಕೈಗೆ ಸಿಕ್ಕ ವಸ್ತುಗಳಲ್ಲಿ ಹೊಡೆದಾಡುವ ಈ ಕುಸ್ತಿಯ ಕಥೆ ಅಮೆರಿಕದಿಂದ ಜಪಾನಿಗೆ ಹೋಗಿ ಮತ್ತೆ ಅಮೆರಿಕಕ್ಕೆ ವಾಪಸ್ ಬರುತ್ತದೆ. ನನಗೆ ಬಹಳ ಇಷ್ಟವಾದ ಭಾಗ ಇದು.

1979ರಲ್ಲಿ ಮಿಸಿಸಿಪ್ಪಿಯ ಟ್ಯುಪೆಲೋ ಊರಿನಲ್ಲಿ ಜೆರ್ರಿ ಲಾಲರ್ ಮತ್ತು ಬಿಲ್ ಡಂಡಿ ಜೋಡಿಯಾಗಿ ಆಡಿದ ಪಂದ್ಯವೊಂದು ರಿಂಗಿನಿಂದ ಆಚೆ ಹೋಯಿತು. ತಿಂಡಿ ಮಾರುವ ಕೌಂಟರಿಗೆ ನುಗ್ಗಿ, ಸಾಸಿವೆ ಡಬ್ಬಿ, ಟ್ರೇ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆದಾಡಿದರು. ಅದು ಎಷ್ಟು ಹೆಸರು ಮಾಡಿತೆಂದರೆ 1981ರಲ್ಲಿ ಅದೇ ಊರಿನಲ್ಲಿ ಅಂಥದ್ದೇ ಇನ್ನೊಂದು ಪಂದ್ಯ ನಡೆಯಿತು. ಅದರಲ್ಲಿ ಜಪಾನಿನಿಂದ ಬಂದಿದ್ದ ಹುಡುಗನೊಬ್ಬ ಇದ್ದ. ಹೆಸರು ಅತ್ಸುಶಿ ಒನಿತಾ.

ಒನಿತಾ ಊರಿಗೆ ಮರಳಿದ. ಮಂಡಿ ಪೆಟ್ಟಿನಿಂದ ದೊಡ್ಡ ಕಂಪನಿಯಲ್ಲಿ ಅವನ ಆಟ ಮುಗಿಯಿತು. 1989ರಲ್ಲಿ ಎಫ್‌ಎಂಡಬ್ಲ್ಯು ಅನ್ನುವ ತನ್ನದೇ ಸಂಸ್ಥೆ ಕಟ್ಟಿದ. ಜಪಾನಿನ ಉಳಿದ ಸಂಸ್ಥೆಗಳು ಆಗ ತಾಂತ್ರಿಕ ಕುಸ್ತಿಗೆ ಹೆಸರಾಗಿದ್ದವು. ಆ ದಾರಿಯಲ್ಲಿ ಅವರನ್ನು ಮೀರಿಸುವುದು ಇವನಿಗೆ ಆಗದ ಮಾತು. ಅದಕ್ಕೇ ಟ್ಯುಪೆಲೋ ನೆನಪನ್ನು ಹಿಡಿದು ಎಲ್ಲೆ ಮೀರಿ ಹೋದ. 1990ರ ಆಗಸ್ಟ್ 4ರಂದು ಟೋಕಿಯೋದ ಶಿಯೊದೊಮೆಯಲ್ಲಿ ಟಾರ್ಜನ್ ಗೋಟೋ ಜೊತೆ ಆಡಿದ ಪಂದ್ಯದಲ್ಲಿ ರಿಂಗಿನ ಹಗ್ಗದ ಜಾಗದಲ್ಲಿ ಮುಳ್ಳುತಂತಿ ಇತ್ತು. ಮೈ ತಾಗಿದರೆ ಸಿಡಿಮದ್ದು ಸಿಡಿಯುತ್ತಿತ್ತು.

ಈ ಪಂದ್ಯಗಳ ವಿಡಿಯೊ ಕ್ಯಾಸೆಟ್ಟುಗಳು ಅಂಚೆಯಲ್ಲಿ ಅಮೆರಿಕಕ್ಕೆ ಹೋದವು. ಕಾಪಿಯಿಂದ ಕಾಪಿ ಮಾಡಿಕೊಂಡು, ಚಿತ್ರ ಮಸುಕಾದರೂ ಬಿಡದೆ ಅಭಿಮಾನಿಗಳು ಹಂಚಿಕೊಂಡರು. ಅದೇ ಹೊತ್ತಿಗೆ ಪಂಕ್ ಹುಡುಗರು ತಮ್ಮ ಡೆಮೊ ಕ್ಯಾಸೆಟ್ಟುಗಳನ್ನು ಇದೇ ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಮನೆಯಲ್ಲೇ ಜೆರಾಕ್ಸ್ ಮಾಡಿದ ಪತ್ರಿಕೆಗಳು ಎರಡೂ ಕಡೆ ಇದ್ದವು. ಟಿವಿಯವರು ಕಣ್ಣೆತ್ತಿಯೂ ನೋಡದ ವಿಷಯವನ್ನು ಜನರೇ ಉಳಿಸಿಕೊಂಡರು, ಬೆಳೆಸಿದರು.

ಫಿಲಡೆಲ್ಫಿಯಾದಲ್ಲೇ ಯಾಕೆ?

ಇಸಿಡಬ್ಲ್ಯು ಅನ್ನುವ ಕುಸ್ತಿ ಸಂಸ್ಥೆ ಇದ್ದದ್ದು ಅಲ್ಲೇ. ದಕ್ಷಿಣ ಫಿಲಡೆಲ್ಫಿಯಾದ ಸ್ವಾನ್ಸನ್ ಮತ್ತು ರಿಟ್ನರ್ ಬೀದಿಗಳು ಸೇರುವ ಮೂಲೆಯಲ್ಲಿ, ಹೆದ್ದಾರಿ ಸೇತುವೆಯ ಬದಿಗೆ, ಬಿಂಗೊ ಆಡಿಸುತ್ತಿದ್ದ ಒಂದು ಹಾಲ್. ನೋಡಿದರೆ ಗೋದಾಮು ಅನ್ನಬೇಕು. 1994ರ ಆಗಸ್ಟ್ 27ರಂದು ಅಲ್ಲಿ ಕುಸ್ತಿಪಟು ಶೇನ್ ಡಗ್ಲಸ್ ಆಗ ತಾನೆ ಗೆದ್ದ, ಹಳೆಯ ಕುಸ್ತಿ ಒಕ್ಕೂಟವಾದ ಎನ್‌ಡಬ್ಲ್ಯುಎ ಚಾಂಪಿಯನ್ ಬೆಲ್ಟನ್ನು ನೆಲಕ್ಕೆ ಎಸೆದ. ಅದಾದ ಮೇಲೆ ಈಸ್ಟರ್ನ್ ಚಾಂಪಿಯನ್‌ಶಿಪ್ ರೆಸ್ಲಿಂಗ್ ಎಂಬ ಹೆಸರಿನಲ್ಲಿ ಈಸ್ಟರ್ನ್ ಹೋಗಿ ಎಕ್ಸ್‌ಟ್ರೀಮ್ ಬಂತು.

ಪಾಲ್ ಹೇಮನ್ ನಡೆಸುತ್ತಿದ್ದ ಈ ಸಂಸ್ಥೆಯ ಹತ್ತಿರ ದುಡ್ಡು ಕಡಿಮೆ, ಹುಮ್ಮಸ್ಸು ಜಾಸ್ತಿ. ದೊಡ್ಡ ಸಂಸ್ಥೆಗಳಲ್ಲಿ ಇನ್ನೂ ಕಾರ್ಟೂನ್ ತರಹದ ಪಾತ್ರಗಳಿದ್ದಾಗ ಇಲ್ಲಿನವರು ಜೀನ್ಸ್, ಟೀ ಶರ್ಟ್ ಹಾಕಿಕೊಂಡು ಬಂದರು. ರೇಡಿಯೊದಲ್ಲಿ ಆಗ ಓಡುತ್ತಿದ್ದ ಮೆಟಾಲಿಕಾ, ಪ್ಯಾಂಟೇರಾ, ಆಲಿಸ್ ಇನ್ ಚೇನ್ಸ್ ಹಾಡುಗಳಿಗೆ ರಿಂಗಿನ ಕಡೆ ನಡೆದರು. ನ್ಯೂ ಜ್ಯಾಕ್ ಅನ್ನುವವನ ಪಂದ್ಯದಲ್ಲಂತೂ ಡಾ. ಡ್ರೆ ಮತ್ತು ಐಸ್ ಕ್ಯೂಬ್ ಹಾಡು ಪ್ರವೇಶಕ್ಕೆ ಮುಗಿಯುತ್ತಿರಲಿಲ್ಲ. ಪಂದ್ಯ ಮುಗಿಯುವ ತನಕ ಜೋರಾಗಿ ಕೇಳುತ್ತಲೇ ಇರುತ್ತಿತ್ತು. ಹಾಡು ಓಡುತ್ತಿರುವಾಗಲೇ ಹೊಡೆದಾಟ ನೋಡುವುದು ಆ ಊರಿನ ಜನಕ್ಕೆ ಆಗಲೇ ಅಭ್ಯಾಸವಾಗಿತ್ತು.

ಜನರೂ ಸುಮ್ನೆ ಕೂರುವವರಲ್ಲ. ಮನೆಯಿಂದ ಬಾಣಲೆ, ಬೋರ್ಡು, ಏನೇನೋ ಹೊತ್ತು ತಂದು ಕುಸ್ತಿಪಟುಗಳ ಕೈಗೆ ಕೊಡುತ್ತಿದ್ದರು. 1994ರ ಆಗಸ್ಟ್‌ನಲ್ಲೇ ಇನ್ನೊಂದು ರಾತ್ರಿ ಕ್ಯಾಕ್ಟಸ್ ಜ್ಯಾಕ್ ಅನ್ನುವ ಕುಸ್ತಿಪಟುವಿನ ಪಂದ್ಯದಲ್ಲಿ ಒಂದು ಕುರ್ಚಿ ಕೊಡಿ ಅನ್ನುವ ಕೂಗು ಬಂತು. ಸಭೆಯ ಎಲ್ಲ ಕಡೆಯಿಂದ ಕುರ್ಚಿಗಳು ಹಾರಿ ಬಂದವು. ರಿಂಗಿನಲ್ಲಿ ಬಿದ್ದಿದ್ದ ಇಬ್ಬರು ಆ ರಾಶಿಯಡಿ ಹೂತುಹೋದರು.

2001ರಲ್ಲಿ ಇಸಿಡಬ್ಲ್ಯು ದಿವಾಳಿಯಾಯಿತು. ಅದೇ ಹಾಲ್‌ಗೆ ಸಿಝಡ್‌ಡಬ್ಲ್ಯು ಬಂತು. ಜಾನ್ ಝಾಂಡಿಗ್ 1999ರಲ್ಲಿ ಕಟ್ಟಿದ ಈ ಸಂಸ್ಥೆ ಇಸಿಡಬ್ಲ್ಯುಗಿಂತಲೂ ಬಿರುಸು. 'ಅಲ್ಟ್ರಾವಯಲೆಂಟ್' ಅನ್ನುವ ಮಾತು ಅಲ್ಲಿ ಮನೆಮಾತಾಯಿತು. 2002ರಿಂದ 'ಟೂರ್ನಮೆಂಟ್ ಆಫ್ ಡೆತ್' ಅನ್ನುವ ಪಂದ್ಯಾವಳಿ ಶುರುವಾಯಿತು. ಇಂಥ ಊರಿನಲ್ಲಿ ಬೆಳೆದ ಹಾರ್ಡ್‌ಕೋರ್ ಹುಡುಗರು ಟ್ಯೂಬ್‌ಲೈಟನ್ನು ಕ್ಲಬ್ಬಿಗೆ ತಂದಿದ್ದರಲ್ಲಿ ಆಶ್ಚರ್ಯ ಏನಿದೆ?

ರಕ್ತ ನಿಜವಾ?

ನಿಜ. ಬಣ್ಣದ ನೀರಿನ ಆಟ ಬೇಕಾದರೆ ರಿಚ್‌ಮಂಡ್ ಊರಿನ ಗ್ವಾರ್ ಬ್ಯಾಂಡ್ ಇದೆ. ಅವರು ರಬ್ಬರಿನ ರಾಕ್ಷಸ ವೇಷ ಹಾಕಿ ಜನರ ಮೇಲೆ ನಕಲಿ ರಕ್ತ ಎರಚುತ್ತಾರೆ. ಅದೂ ಒಂದು ಸೊಗಸೇ. ಡೆತ್‌ಮ್ಯಾಚ್ ಲೋಕದಲ್ಲಿ ಮಾತ್ರ ಗಾಜು ಗಾಜೇ, ತಂತಿ ತಂತಿಯೇ.

ಕುಸ್ತಿಯಲ್ಲಿ ರಕ್ತ ತರಿಸುವ ಹಳೆಯ ಉಪಾಯ ಒಂದಿದೆ. ಬ್ಲೇಡಿನ ಸಣ್ಣ ಚೂರನ್ನು ಮಣಿಕಟ್ಟಿನ ಪಟ್ಟಿಯಲ್ಲೋ ಬೆರಳಿನ ಟೇಪಿನಲ್ಲೋ ಅಡಗಿಸಿ, ಬಿದ್ದಾಗ ಯಾರಿಗೂ ಕಾಣದಂತೆ ಹಣೆಯನ್ನು ಗೀರಿಕೊಳ್ಳುವುದು. ಹಣೆಯ ಚರ್ಮದ ಕೆಳಗೆ ಸಣ್ಣ ರಕ್ತನಾಳಗಳು ತುಂಬಾ ಇವೆ. ಗಾಯ ಸಣ್ಣದಾದರೂ ರಕ್ತ ಜಾಸ್ತಿ. ಬೆವರು ಬೆರೆತರೆ ಮುಖವೆಲ್ಲ ಕೆಂಪು. ವರ್ಷಗಟ್ಟಲೆ ಹೀಗೆ ಮಾಡಿದವರ ಹಣೆ ಉಳುಮೆ ಮಾಡಿದ ಹೊಲದಂತೆ ಆಗಿರುತ್ತದೆ.

ಟ್ಯೂಬ್‌ಲೈಟೇ ಯಾಕೆ?

ಟ್ಯೂಬ್‌ಲೈಟಿನ ಗಾಜು ತುಂಬಾ ತೆಳು. ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಬಹಳ ಕಡಿಮೆ. ಹಾಗಾಗಿ ಒಡೆದಾಗ ಪಟಾಕಿ ತರಹ ಢಬ್ ಅನ್ನುತ್ತದೆ. ಒಳಗೋಡೆಗೆ ಬಳಿದ ಬಿಳಿ ಪುಡಿ ಮೋಡದಂತೆ ಏಳುತ್ತದೆ. ಹಾಲಿನ ಕೊನೆಯ ಸಾಲಿನವರಿಗೂ ಕೇಳುತ್ತದೆ, ಕಾಣುತ್ತದೆ. ಸುಲಭವಾಗಿ ಒಡೆಯುವುದರಿಂದ ಕಬ್ಬಿಣದ ಕುರ್ಚಿಯಷ್ಟು ಒಳಪೆಟ್ಟು ಆಗುವುದಿಲ್ಲ. ನೋಟ ಮತ್ತು ಸದ್ದಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ವಸ್ತು ಸಿಗುವುದು ಕಷ್ಟ.

ಆದರೆ ಗಾಜಿನ ಚೂರು ಎಲ್ಲಿ ಕೊಯ್ಯುತ್ತದೆ ಅಂತ ಯಾರೂ ಮುಂಚೆ ಹೇಳಲಾರರು. ಬೆನ್ನಿಗೆ ಆದರೆ ಹೊಲಿಗೆ ಸಾಕು. ಕುತ್ತಿಗೆ, ಕಂಕುಳು, ಮಣಿಕಟ್ಟು ಆದರೆ ಜೀವಕ್ಕೇ ಕುತ್ತು. ಒಳಗೆ ಸ್ವಲ್ಪ ಪಾದರಸವೂ ಇರುತ್ತದೆ. ಗಾಳಿಯಾಡದ ಸಣ್ಣ ಕ್ಲಬ್ಬಿನಲ್ಲಿ ಅದು ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಎಲ್‌ಇಡಿ ಬಂದ ಮೇಲೆ ಹಳೆಯ ಟ್ಯೂಬುಗಳೇ ಕಡಿಮೆಯಾಗುತ್ತಿವೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್‌ನಿಂದ ಮಾಮೂಲಿ ಅಳತೆಯ ಟ್ಯೂಬುಗಳನ್ನು ಹೊಸದಾಗಿ ಮಾರುಕಟ್ಟೆಗೆ ಬಿಡುವುದನ್ನೇ ನಿಲ್ಲಿಸಿದ್ದಾರೆ.

ಇವರಿಗಿಂತ ಮೊದಲು ಯಾರಾದರೂ ಹೀಗೆ ಮಾಡಿದ್ದಾರಾ?

ತುಂಡು ತುಂಡಾಗಿ ಮಾಡಿದವರು ಇದ್ದಾರೆ. ಮಿಷಿಗನ್ನಿನ ಸ್ಟೂಜಸ್ ಬ್ಯಾಂಡಿನ ಇಗ್ಗಿ ಪಾಪ್, ಪಂಕ್ ಅನ್ನುವ ಹೆಸರು ಬರುವ ಮುಂಚೆಯೇ ವೇದಿಕೆ ಮೇಲೆ ಎದೆ ಗೀರಿಕೊಳ್ಳುತ್ತಿದ್ದ. ನ್ಯೂಯಾರ್ಕಿನ ಡಿಕ್ಟೇಟರ್ಸ್ ಬ್ಯಾಂಡಿನ ಹ್ಯಾಂಡ್‌ಸಮ್ ಡಿಕ್ ಮ್ಯಾನಿಟೋಬಾ 1975ರ ಆಲ್ಬಂನ ಮುಖಪುಟಕ್ಕೆ ಕುಸ್ತಿಪಟು ವೇಷದಲ್ಲೇ ನಿಂತ. 1990ರ ದಶಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಇನ್‌ಕ್ರೆಡಿಬ್ಲಿ ಸ್ಟ್ರೇಂಜ್ ರೆಸ್ಲಿಂಗ್' ಅಂತ ಒಂದು ಪ್ರದರ್ಶನ ನಡೆಯುತ್ತಿತ್ತು. ಒಂದು ಪಂಕ್ ಬ್ಯಾಂಡು, ಒಂದು ಮುಖವಾಡದ ಕುಸ್ತಿ, ಮತ್ತೆ ಒಂದು ಬ್ಯಾಂಡು. ಜನ ರಿಂಗಿಗೆ ಟೋರ್ಟಿಯಾ ರೊಟ್ಟಿ ಎಸೆಯುತ್ತಿದ್ದರು. ಅಲ್ಲಿ ರಕ್ತಕ್ಕಿಂತ ತಮಾಷೆ ಜಾಸ್ತಿ.

ನನ್ನ ಪ್ರಕಾರ ನಿಜವಾದ ಹಿರಿಯಣ್ಣ ಅಂದರೆ ಆಂಟಿಸೀನ್. ಉತ್ತರ ಕ್ಯಾರೊಲಿನಾದ ಶಾರ್ಲೆಟ್ ಊರಿನ ಈ ಬ್ಯಾಂಡ್ ಶುರುವಾಗಿದ್ದು 1983ರಲ್ಲಿ. ಶಾರ್ಲೆಟ್ ಆಗ ಜಿಮ್ ಕ್ರಾಕೆಟ್ ಕುಟುಂಬದ ಕುಸ್ತಿ ಸಂಸ್ಥೆಯ ತವರು. ರಿಕ್ ಫ್ಲೇರ್ ಅಂಥ ಕುಸ್ತಿಪಟುಗಳು ಆ ಊರಿನ ನಿವಾಸಿಗಳು. ಹಾಡುಗಾರ ಜೆಫ್ ಕ್ಲೇಟನ್ ಆ ಕುಸ್ತಿಯನ್ನೇ ನೋಡಿ ಬೆಳೆದವನು. ವೇದಿಕೆ ಮೇಲೆ ಕುಸ್ತಿಪಟುಗಳ ಹಾಗೆಯೇ ಹಣೆ ಕೊಯ್ದುಕೊಂಡು, ರಕ್ತ ಸುರಿಯುತ್ತಿರುವಾಗಲೇ ಹಾಡುತ್ತಿದ್ದ. ಕ್ಯಾಕ್ಟಸ್ ಜ್ಯಾಕ್ ಮೇಲೆ ಇವರದೊಂದು ಹಾಡೇ ಇದೆ. ಗಿಟಾರಿನ ಜೋ ಯಂಗ್ 2014ರಲ್ಲಿ ತೀರಿಕೊಂಡ. ಆಮೇಲೂ ಬ್ಯಾಂಡ್ ನಿಲ್ಲಲಿಲ್ಲ.

ಇಲ್ಲಿ ಪಂಕ್ ಹಾಡುಗಾರ ಜಿ.ಜಿ. ಆಲಿನ್ ಹೆಸರನ್ನೂ ಹೇಳಲೇಬೇಕು, 1991ರಲ್ಲಿ ಆಂಟಿಸೀನ್ ಅವನ ಜೊತೆ ಒಂದು ಆಲ್ಬಂ ಮಾಡಿತ್ತು. ಅವನು ತನಗೂ ಗಾಯ ಮಾಡಿಕೊಳ್ಳುತ್ತಿದ್ದ, ಒಪ್ಪಿಗೆ ಕೊಡದ ಪ್ರೇಕ್ಷಕರ ಮೇಲೂ ಕೈ ಮಾಡುತ್ತಿದ್ದ. ನನಗೆ ಅದು ಒಪ್ಪಿಗೆಯಿಲ್ಲ. ಅದನ್ನೂ ಇದನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ? ಮತ್ತೆ ನೋಡೋದಕ್ಕೆ ಏನಿದೆ?

ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಬೆಳಗಿನವರೆಗೆ ಕೂತು ನೋಡುತ್ತೇವೆ. ಪ್ರೊ ರೆಸ್ಲಿಂಗಿನಲ್ಲೂ ಫಲಿತಾಂಶ ಮೊದಲೇ ಮಾತಾಗಿರುತ್ತದೆ. ಅಲ್ಲಿಗೆ ಹೇಗೆ ಹೋಗಿ ಮುಟ್ಟುತ್ತಾರೆ ಅನ್ನುವುದರಲ್ಲಿದೆ ಆಟ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದೇ ಇಲ್ಲ. ಕುಸ್ತಿಯಲ್ಲಿ ನಿಮ್ಮನ್ನು ಎತ್ತಿ ಹಾಕುವವನೇ ನಿಮ್ಮ ಕುತ್ತಿಗೆಯನ್ನು ಕಾಪಾಡಬೇಕಾದವನು. ಕೈ ಎಲ್ಲಿ ಹಿಡಿಯಬೇಕು, ಯಾವ ಕೋನದಲ್ಲಿ ಬಿಡಬೇಕು, ಕುರ್ಚಿಯ ಯಾವ ಭಾಗ ಬೆನ್ನಿಗೆ ತಾಗಬೇಕು, ಎಲ್ಲಕ್ಕೂ ಕಲಿಕೆ ಇದೆ. ಬಿದ್ದವನು ಮೆಲ್ಲಗೆ ಕೈ ಅದುಮಿ ತಾನು ಸರಿ ಇದ್ದೇನೆ ಅಂತ ತಿಳಿಸುತ್ತಾನೆ. ರೆಫರಿ ಇಬ್ಬರ ಕಿವಿಯಲ್ಲೂ ಮಾತಾಡುತ್ತಿರುತ್ತಾನೆ. ಟ್ಯೂಬ್‌ಲೈಟ್ ಎತ್ತಿದಾಗ ಎದುರಿನವನು ಕಣ್ಣು ಮುಚ್ಚಿ, ಗಲ್ಲ ಕೆಳಗೆ ಮಾಡಿ, ಬೆನ್ನನ್ನೋ ಭುಜವನ್ನೋ ಕೊಡುತ್ತಾನೆ. ತನ್ನ ದೇಹವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವ ಕೆಲಸ ಇದು. ಅಷ್ಟು ನಂಬಿಕೆ ಇಲ್ಲದಿದ್ದರೆ ಯಾರೂ ರಿಂಗಿಗೆ ಇಳಿಯಬಾರದು.

ಬ್ಯಾಂಡಿನವರಿಗೆ ಈ ನಂಬಿಕೆ ಇನ್ನೂ ಸಹಜ. ಒಂದೇ ವ್ಯಾನಿನಲ್ಲಿ ಊರೂರು ತಿರುಗಿ, ಒಂದೇ ಕೋಣೆಯ ನೆಲದ ಮೇಲೆ ಮಲಗಿ, ಕತ್ತಲೆಯಲ್ಲೂ ಒಬ್ಬರ ತಾಳ ಇನ್ನೊಬ್ಬರಿಗೆ ಗೊತ್ತಿರುವ ಜನ ಅವರು. ನಾನು ಈ ಬ್ಯಾಂಡನ್ನು ಮೆಚ್ಚುವುದು ರಕ್ತಕ್ಕಲ್ಲ. ಅಷ್ಟೊಂದು ಗದ್ದಲದ ನಡುವೆ ಒಬ್ಬರನ್ನೊಬ್ಬರು ಗಮನಿಸಿಕೊಳ್ಳುವ ರೀತಿಗೆ.

ಜನರಿಗೆ ಅಪಾಯ ಇಲ್ವಾ?

ಇದೆ. ಗಾಜಿನ ಚೂರು ಮುಂದಿನ ಸಾಲಿಗೆ ಹಾರುತ್ತದೆ. ಡೆತ್‌ಮ್ಯಾಚ್‌ಗಳಿಗೆ ಹೋಗಿ ಬಂದು ಅಭ್ಯಾಸ ಇರುವವರು ಟ್ಯೂಬ್ ಎತ್ತಿದ ಕೂಡಲೇ ಮುಖ ತಿರುಗಿಸುತ್ತಾರೆ, ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಗಟ್ಟಿ ಶೂ ಹಾಕಿಕೊಂಡು ಹೋಗಿ. ಚಪ್ಪಲಿ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು.

ಮಾಶ್ ಪಿಟ್ ಅಂದರೆ ಸಂಗೀತಕ್ಕೆ ಜನ ಗುದ್ದಾಡಿಕೊಂಡು ಕುಣಿಯುವ ಜಾಗ. ಅಲ್ಲಿ ಬರೆದಿಡದ ಒಂದು ನಿಯಮ ಇದೆ: ಯಾರಾದರೂ ಬಿದ್ದರೆ ಪಕ್ಕದವರು ತಕ್ಷಣ ಎತ್ತಬೇಕು. ಒಳ್ಳೆಯ ಹಾರ್ಡ್‌ಕೋರ್ ಕಾರ್ಯಕ್ರಮದಲ್ಲಿ ಬಿದ್ದವರನ್ನು ಎತ್ತಲು ಮೂರ್ನಾಲ್ಕು ಕೈ ಒಟ್ಟಿಗೆ ಬರುತ್ತವೆ. ಹಾಗೆ ಬರದ ಜಾಗ ಆದರೆ ಹಿಂದೆ ಗೋಡೆ ಪಕ್ಕ ನಿಂತು ನೋಡಿ.

ಎಡವಟ್ಟಾಗಿದ್ದು ಇಲ್ವಾ?

ಆಗಿದೆ, ಚೆನ್ನಾಗಿಯೇ ಆಗಿದೆ. 1996ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ರೆವಿಯರ್ ಊರಿನಲ್ಲಿ ಇಸಿಡಬ್ಲ್ಯು ಪಂದ್ಯಕ್ಕೆ ಒಬ್ಬ ಕುಸ್ತಿಪಟು ಬರಲಿಲ್ಲ. ಅವನ ಬದಲಿಗೆ 17 ವರ್ಷದ ಹುಡುಗನೊಬ್ಬ ವಯಸ್ಸು ಜಾಸ್ತಿ ಹೇಳಿ, ಅನುಭವ ಇದೆ ಅಂತ ಹೇಳಿ ರಿಂಗಿಗೆ ಇಳಿದ. ತನಗೆ ಹಣೆ ಗೀರಿಕೊಳ್ಳಲು ಬರುವುದಿಲ್ಲ, ನೀನೇ ಮಾಡು ಅಂತ ನ್ಯೂ ಜ್ಯಾಕ್‌ಗೆ ಕೇಳಿಕೊಂಡ. ಬ್ಲೇಡ್ ಆಳಕ್ಕೆ ಹೋಯಿತು. ರಕ್ತನಾಳಗಳು ಕತ್ತರಿಸಿ ಹುಡುಗ ಸಾವಿನ ಹತ್ತಿರಕ್ಕೆ ಹೋಗಿಬಂದ. ಸಂಸ್ಥೆಯ ಮೊದಲ ಪೇ-ಪರ್-ವ್ಯೂ (ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ) ಕಾರ್ಯಕ್ರಮ ನಿಂತೇಹೋಗುವ ಸ್ಥಿತಿ ಬಂತು. ನ್ಯಾಯಾಲಯದಲ್ಲಿ ನ್ಯೂ ಜ್ಯಾಕ್ ಮೇಲಿನ ಆರೋಪ ಉಳಿಯಲಿಲ್ಲ. ಆದರೆ ವಯಸ್ಸು ಕೂಡ ವಿಚಾರಿಸದೆ ಒಬ್ಬ ಹುಡುಗನನ್ನು ಒಳಗೆ ಬಿಟ್ಟರಲ್ಲ, ಅದನ್ನು ನಾನು ಯಾವತ್ತೂ ಸಮರ್ಥಿಸಲಾರೆ. ಆವತ್ತು ಆ ರಿಂಗಿನಲ್ಲಿ ಕಾಪಾಡುವ ಕೈ ಇರಲಿಲ್ಲ.

ಇನ್ನೊಂದು ಕಣ್ಣಿಗೆ ಕಾಣದ ಅಪಾಯ. ಬ್ಲೇಡನ್ನು ಹಂಚಿಕೊಂಡರೆ, ಗಾಯಕ್ಕೆ ಗಾಯ ತಾಗಿದರೆ ಹೆಪಟೈಟಿಸ್ ಸಿ ಅಂಥ ಕಾಯಿಲೆ ಹರಡಬಹುದು. ಇಂಥ ಒಂದು ಪ್ರಕರಣದಲ್ಲಿ 2014ರಲ್ಲಿ ಕೆನಡಾದ ಒಂಟಾರಿಯೊ ನ್ಯಾಯಾಲಯ ಹಳೆಯ ಕುಸ್ತಿಪಟು ಅಬ್ದುಲ್ಲಾ ದ ಬುಚರ್ ಕಾಯಿಲೆ ಅಂಟಿದವನಿಗೆ 23 ಲಕ್ಷ ಕೆನಡಾ ಡಾಲರ್ ಪರಿಹಾರ ಕೊಡಬೇಕು ಅಂತ ಹೇಳಿತು. ಇಂದು ಜವಾಬ್ದಾರಿ ಇರುವ ಸಂಸ್ಥೆಗಳು ಆಡುವವರ ರಕ್ತಪರೀಕ್ಷೆ ವರದಿ ಕೇಳುತ್ತವೆ. ಕೇಳದ ಕಡೆ ಆಡಬಾರದು.

2018ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸಿನಿಮಾ ನಟ ಡೇವಿಡ್ ಆರ್ಕೆಟ್ ಡೆತ್‌ಮ್ಯಾಚ್ ದೊರೆ ನಿಕ್ ಗೇಜ್ ಜೊತೆ ಆಡಿದಾಗ ಟ್ಯೂಬ್‌ಲೈಟಿನ ಚೂರು ನಟನ ಕುತ್ತಿಗೆ ಕೊಯ್ದಿತು. ಬದುಕಿ ಉಳಿದ. ಒಂದಿಷ್ಟು ಆಚೀಚೆ ಆಗಿದ್ದರೆ ಉಳಿಯುತ್ತಿರಲಿಲ್ಲ.

ಹೆಣ್ಣುಮಕ್ಕಳು ಈ ಆಟ ಆಡುತ್ತಾರಾ?

ಚೆನ್ನಾಗಿ ಆಡುತ್ತಾರೆ. ಎಫ್‌ಎಂಡಬ್ಲ್ಯುನ ಮೆಗುಮಿ ಕುಡೊ 1990ರ ದಶಕದಲ್ಲೇ ಸಿಡಿಮದ್ದು, ಮುಳ್ಳುತಂತಿ ಪಂದ್ಯಗಳನ್ನು ಆಡಿದವಳು. 1997ರಲ್ಲಿ ವಿದಾಯ ಹೇಳಿದ್ದೂ ಅಂಥದ್ದೇ ಪಂದ್ಯದಲ್ಲಿ. ಕೆನಡಾದ ಲೂಫಿಸ್ಟೊ ಕಥೆ ಇನ್ನೂ ದೊಡ್ಡದು. ಗಂಡಸರ ಜೊತೆ ಹೆಂಗಸರು ಕುಸ್ತಿ ಆಡಬಾರದು ಅಂತ ಒಂಟಾರಿಯೊದಲ್ಲಿ ನಿಯಮ ಇತ್ತು. ಆಕೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಳು. ವರ್ಷಗಳ ಕಾಲ ಬಿಡದೆ ಹೋರಾಡಿದಳು. 2006ರ ಹೊತ್ತಿಗೆ ಆ ನಿಯಮ ಹೋಯಿತು. ಅದೇ ವರ್ಷ ಸಿಝಡ್‌ಡಬ್ಲ್ಯುನ ಐರನ್ ಮ್ಯಾನ್ ಪಟ್ಟ ಗೆದ್ದ ಮೊದಲ ಹೆಂಗಸಾದಳು.

ದೊಡ್ಡ ಕುಸ್ತಿ ಸಂಸ್ಥೆಗಳಿಗೂ ಪಂಕ್‌ಗೂ ಏನಾದರೂ ನಂಟು ಇದೆಯಾ?

ಬೇಕಾದಷ್ಟಿದೆ. ಹ್ಯೂಸ್ಕರ್ ಡೂ ಹಾಡುಗಾರ ಬಾಬ್ ಮೋಲ್ಡ್ 1999ರಿಂದ 2000ದವರೆಗೆ ಡಬ್ಲ್ಯುಸಿಡಬ್ಲ್ಯು ಸಂಸ್ಥೆಯಲ್ಲಿ ಕಥೆ ಹೆಣೆಯುವ ತಂಡದಲ್ಲಿ ಕೆಲಸ ಮಾಡಿದ. ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ 1996ರಲ್ಲಿ ಶುರುವಾದ ಡ್ರಾಪ್‌ಕಿಕ್ ಮರ್ಫೀಸ್ ಬ್ಯಾಂಡಿನ ಹೆಸರು ಒಬ್ಬ ಹಳೆಯ ಕುಸ್ತಿಪಟುವಿನದು. ಜಾನ್ 'ಡ್ರಾಪ್‌ಕಿಕ್' ಮರ್ಫಿ ಆಮೇಲೆ ಕುಡಿತ ಬಿಡಿಸುವ ಕೇಂದ್ರ ನಡೆಸಿದವನು. ಪಿಟ್ಸ್‌ಬರ್ಗ್‌ನ ಹಾರ್ಡ್‌ಕೋರ್ ಬ್ಯಾಂಡ್ ಕೋಡ್ ಆರೆಂಜ್ 2017ರಲ್ಲಿ ಬ್ರೂಕ್ಲಿನ್‌ನ ಎನ್‌ಎಕ್ಸ್‌ಟಿ ಕಾರ್ಯಕ್ರಮದಲ್ಲಿ ಕುಸ್ತಿಪಟು ಅಲಿಸ್ಟರ್ ಬ್ಲ್ಯಾಕ್‌ನ ಪ್ರವೇಶಕ್ಕೆ ಅಲ್ಲೇ ನಿಂತು ನುಡಿಸಿತು.

ಕುಸ್ತಿಪಟು ಸಿ.ಎಂ. ಪಂಕ್ ಅಂತೂ ನಿಮಗೆಲ್ಲ ಗೊತ್ತು. ಕುಡಿತ, ಸಿಗರೇಟು, ಡ್ರಗ್ಸ್ ಯಾವುದೂ ಇಲ್ಲದ 'ಸ್ಟ್ರೇಟ್ ಎಡ್ಜ್' ಬದುಕು ಅವನದು. ಅದು ಮೈನರ್ ಥ್ರೆಟ್ ಹಾಡಿನಿಂದ ಹೊರಟ ದಾರಿ. ಅವನು ಕೈಗೆ ಬರೆದುಕೊಳ್ಳುವ ಎಕ್ಸ್ ಗುರುತು ಕೂಡ ಅಲ್ಲಿಂದಲೇ ಬಂದದ್ದು. ಚಿಕ್ಕ ವಯಸ್ಸಿನವರಿಗೆ ಹೆಂಡ ಮಾರಬಾರದು ಅಂತ ಕ್ಲಬ್ಬಿನವರು ಹುಡುಗರ ಕೈ ಮೇಲೆ ಎಕ್ಸ್ ಹಾಕಿ ಒಳಗೆ ಬಿಡುತ್ತಿದ್ದರು. ಹುಡುಗರು ಅದನ್ನೇ ಹೆಮ್ಮೆಯ ಗುರುತು ಮಾಡಿಕೊಂಡರು.

ನಮ್ಮ ಕಡೆ ಇಂಥದ್ದು ಇದೆಯಾ?

ಮೈಸೂರು ದಸರಾದ ವಜ್ರಮುಷ್ಟಿ ಕಾಳಗ ನೋಡಿ. ವಿಜಯದಶಮಿಯ ಬೆಳಿಗ್ಗೆ ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ತಕ್ಷಣ ಕಾಳಗ ನಿಲ್ಲಿಸುತ್ತಾರೆ. ಅದು ಪೂಜೆಯ ಭಾಗ, ಮನರಂಜನೆ ಅಲ್ಲ. ಫಿಲಡೆಲ್ಫಿಯಾಕ್ಕೂ ಅದಕ್ಕೂ ಸಂಬಂಧ ಕಟ್ಟುವುದು ಸರಿಯಲ್ಲ. ಆದರೆ ಸಭೆಯ ಮುಂದೆ, ನಿಯಮಕ್ಕೆ ಒಪ್ಪಿ ರಕ್ತ ಹರಿಸುವುದು ನಮಗೆ ಕಾಣದ ಸಂಗತಿಯೇನಲ್ಲ.

1990ರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿ, ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಇನ್ನೊಂದು ಕೊಂಡಿ ಇದೆ. 1998ರ ಜೂನ್ 28ರಂದು ಅಂಡರ್‌ಟೇಕರ್ ಪಂಜರದ ಮೇಲಿಂದ ಕೆಳಗೆ ಎಸೆದ ಮ್ಯಾನ್‌ಕೈಂಡ್ ನೆನಪಿದೆಯಲ್ಲ? ಅವನೇ ಮೇಲೆ ಹೇಳಿದ ಕ್ಯಾಕ್ಟಸ್ ಜ್ಯಾಕ್. ನಿಜ ಹೆಸರು ಮಿಕ್ ಫೋಲಿ. 1995ರ ಆಗಸ್ಟ್ 20ರಂದು ಜಪಾನಿನ ಕಾವಾಸಾಕಿ ಸ್ಟೇಡಿಯಂನಲ್ಲಿ 51 ವರ್ಷದ ಟೆರ್ರಿ ಫಂಕ್‌ನನ್ನು ಸಿಡಿಮದ್ದು, ಮುಳ್ಳುತಂತಿಯ ನಡುವೆ ಸೋಲಿಸಿ 'ಕಿಂಗ್ ಆಫ್ ದ ಡೆತ್‌ಮ್ಯಾಚ್' ಆದವನು.

ನಾವೂ ಮನೆ ಹಿಂದೆ ಟ್ರೈ ಮಾಡಬಹುದಾ?

ಬೇಡ. ಬೀಳುವುದನ್ನು ಕಲಿಯಲಿಕ್ಕೇ ತಿಂಗಳುಗಟ್ಟಲೆ ಬೇಕು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಪೂರ್ತಿ ನೆಲಕ್ಕೆ ತಾಗುವಂತೆ ಬೀಳದಿದ್ದರೆ ತಲೆಗೆ ಏಟು ಖಂಡಿತ. ರಿಂಗಿನ ಹಲಗೆಯ ಕೆಳಗೆ ಸ್ವಲ್ಪ ಜಗ್ಗುವ ವ್ಯವಸ್ಥೆ ಇರುತ್ತದೆ. ನಿಮ್ಮ ತಾರಸಿಗೆ ಅದಿಲ್ಲ. ಗಾಜು, ಪಿನ್ನು, ಮುಳ್ಳುತಂತಿ ಯಾವುದನ್ನೂ ಮುಟ್ಟಬೇಡಿ. ಬ್ಯಾಂಡು ಬೇಕಾದರೆ ಇವತ್ತೇ ಕಟ್ಟಿ. ಮೂರು ಸ್ವರ ನುಡಿಸಲು ಬಂದರೆ ಹಾರ್ಡ್‌ಕೋರ್‌ಗೆ ಸಾಕು.

ಎಲ್ಲಿಂದ ಶುರು ಮಾಡಲಿ?

ಸಂಗೀತಕ್ಕೆ ಮೊದಲು ಬ್ಯಾಡ್ ಬ್ರೇನ್ಸ್ ಕೇಳಿ, ಆಮೇಲೆ ಮೈನರ್ ಥ್ರೆಟ್. ಎರಡನ್ನೂ ಒಂದೇ ಸಂಜೆ ಮುಗಿಸಬಹುದು. ಕಿವಿ ಒಗ್ಗಿದ ಮೇಲೆ ಆಂಟಿಸೀನ್‌ಗೆ ಹೋಗಿ. ಕುಸ್ತಿಗೆ ಟ್ಯುಪೆಲೋದ 1979ರ ತಿಂಡಿ ಕೌಂಟರ್ ಹೊಡೆದಾಟ ಒಳ್ಳೆಯ ಆರಂಭ, ಅದರಲ್ಲಿ ರಕ್ತಕ್ಕಿಂತ ಸಾಸಿವೆ ಜಾಸ್ತಿ. ಆಮೇಲೆ ಒನಿತಾ, ಆಮೇಲೆ 1994–95ರ ಇಸಿಡಬ್ಲ್ಯು. ಈಟ್ ದ ಟರ್ನ್‌ಬಕಲ್ ಕೊನೆಗೆ ಇರಲಿ. ರಕ್ತ ನೋಡಿದರೆ ತಲೆ ಸುತ್ತುವವರು ವಿಡಿಯೊ ಬಿಟ್ಟು ಬರೀ ಹಾಡು ಕೇಳಿ, ಅದೂ ಚೆನ್ನಾಗಿದೆ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರಿಗೂ ಒಳ್ಳೆಯದು.